ನೀರೊಳಗಿನ ಥೈಮೀನ್ ಎಲೆಕ್ಟ್ರಾನನ್ನು ಸುಲಭವಾಗಿ ಬಿಡುವುದೇಕೆ?

ಪ್ರಶ್ನೆ: ಡಿಎನ್‌ಎ, ಆರ್‌ಎನ್‌ಎ ಪ್ರತ್ಯಾಮ್ಲಗಳಿಂದ ಒಂದು ಎಲೆಕ್ಟ್ರಾನನ್ನು ಕೀಳಲು ಎಷ್ಟು ಶಕ್ತಿ ಬೇಕೆಂಬ ಪಟ್ಟಿ ನಮ್ಮ ಪಠ್ಯದಲ್ಲಿದೆ. ಸುತ್ತಲೂ ನೀರಿದ್ದರೆ ಆ ಅಂಕಿಗಳು ಬದಲಾಗುತ್ತವೆಯೇ?
– ರಸಾಯನವಿಜ್ಞಾನದ ವಿದ್ಯಾರ್ಥಿನಿ

ಉತ್ತರ: ಬದಲಾಗುತ್ತವೆ, ಚೆನ್ನಾಗಿಯೇ ಬದಲಾಗುತ್ತವೆ. ಆ ಪಟ್ಟಿಯ ಮೇಲೆ ನನಗೆ ಹಳೆಯ ಸಿಟ್ಟೊಂದಿದೆ. ಸಂಶೋಧನೆಯ ಮೊದಲ ವರ್ಷದಲ್ಲಿ ಅದನ್ನೇ ನಂಬಿ ಲೆಕ್ಕ ಹಾಕಿ, ಗೋಷ್ಠಿಯೊಂದರಲ್ಲಿ ಹೆಮ್ಮೆಯಿಂದ ತೋರಿಸಿದ್ದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು “ಇದರಲ್ಲಿ ನೀರೆಲ್ಲಿದೆಯಪ್ಪಾ?” ಎಂದಷ್ಟೇ ಕೇಳಿದರು. ನಾನು ತೆಪ್ಪಗೆ ಕುಳಿತೆ.

ಪಟ್ಟಿಯಲ್ಲಿರುವುದು ಒಂಟಿ ಅಣುವಿನ ಲೆಕ್ಕ. ಗ್ವಾನೀನ್ ಎಂಬ ಪ್ರತ್ಯಾಮ್ಲಕ್ಕೆ ಸುಮಾರು 7.8 ಎಲೆಕ್ಟ್ರಾನ್ ವೋಲ್ಟ್ (ಅಣುಮಟ್ಟದಲ್ಲಿ ಶಕ್ತಿ ಅಳೆಯುವ ಮಾನ) ಸಾಕು. ಅಡೆನೀನ್, ಸೈಟೊಸೀನ್, ಥೈಮೀನ್ ಅದೇ ಕ್ರಮದಲ್ಲಿ ಮೇಲೇರುತ್ತವೆ. ಆರ್‌ಎನ್‌ಎಯ ಯುರಾಸಿಲ್ 9ನ್ನು ದಾಟುತ್ತದೆ. ಪಕ್ಕದಲ್ಲಿ ಪೆನ್ಸಿಲ್ಲಿನಿಂದ ‘ನಿರ್ವಾತದಲ್ಲಿ’ ಎಂದು ಬರೆದಿಟ್ಟುಕೊಳ್ಳಿ.

ಈಗ ಥೈಮೀನ್ ಬಳಿಗೆ ಒಂದೇ ಒಂದು ನೀರಿನ ಅಣುವನ್ನು ತನ್ನಿ. ಅದು ಯಾವ ಮಗ್ಗುಲಾಗಿ ಕೂರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಥೈಮೀನ್‌ನ ಎನ್–ಎಚ್ ತುದಿಯತ್ತ ತನ್ನ ಆಕ್ಸಿಜನ್ ಚಾಚಿದ್ದರೆ, ಎಲೆಕ್ಟ್ರಾನ್ ಹೋದ ಮೇಲೆ ಉಳಿಯುವ ಧನ ಆವೇಶಕ್ಕೆ ಆಸರೆ ಸಿಗುತ್ತದೆ. ಬೇಕಾದ ಶಕ್ತಿ ಇಳಿಯುತ್ತದೆ. ತನ್ನ ಹೈಡ್ರೋಜನ್ನನ್ನು ಥೈಮೀನ್‌ನ ಆಕ್ಸಿಜನ್ ಕಡೆ ನೀಡಿದ್ದರೆ ಧನಕ್ಕೆ ಧನ ಎದುರಾಗಿ ಶಕ್ತಿ ಏರಲೂಬಹುದು. ಸಾಮಾನ್ಯವಾಗಿ ಒಂದೇ ಅಣು ಎರಡೂ ಕಡೆ ಕೈಹಾಕಿರುತ್ತದೆ. ಒಂದು ಎಳೆದರೆ ಇನ್ನೊಂದು ತಳ್ಳುತ್ತದೆ. ಕೊನೆಗೆ ಉಳಿಯುವ ಪರಿಣಾಮ ಚಿಕ್ಕದು.

ಸುತ್ತ ನೀರೇ ನೀರಾದಾಗ ಮಾತು ಬೇರೆ. ಎಲೆಕ್ಟ್ರಾನ್ ಹಾರುವ ಕ್ಷಣದಲ್ಲಿ ನೀರಿನ ಅಣುಗಳಿಗೆ ತಿರುಗಿ ನಿಲ್ಲಲು ಪುರುಸೊತ್ತಿಲ್ಲ. ಅವುಗಳ ಎಲೆಕ್ಟ್ರಾನ್ ಮೋಡ ಮಾತ್ರ ಥಟ್ಟನೆ ಧನ ಆವೇಶದತ್ತ ವಾಲುತ್ತದೆ. ಅಷ್ಟು ವಾಲಿದ್ದೇ ದೊಡ್ಡ ಉಪಕಾರ. 2009ರಲ್ಲಿ ನೀರಿನ ಸಪೂರ ಧಾರೆಯ ಮೇಲೆ ವಿಕಿರಣ ಹಾಯಿಸಿ ಅಳೆದಾಗ, ಥೈಮೀನ್ ಹೊತ್ತ ನ್ಯೂಕ್ಲಿಯೊಸೈಡ್‌ಗೂ (ಸಕ್ಕರೆ ಅಂಟಿದ ಪ್ರತ್ಯಾಮ್ಲಕ್ಕೆ ಈ ಹೆಸರು) ಸೈಟೊಸೀನ್ ಹೊತ್ತದ್ದಕ್ಕೂ ಸುಮಾರು 8.3 ಎಲೆಕ್ಟ್ರಾನ್ ವೋಲ್ಟ್ ಬಂತು. ನಿರ್ವಾತದಲ್ಲಿ ಹೀಗೆಯೇ ಥಟ್ಟನೆ ಕಿತ್ತರೆ ಬರಿಯ ಥೈಮೀನ್‌ಗೆ 9.1ರ ಆಸುಪಾಸು ಬೇಕು; ಪಟ್ಟಿಯ ಅಂಕಿ ಅಣು ತನ್ನ ಆಕಾರ ಹೊಂದಿಸಿಕೊಂಡ ಮೇಲಿನದು, ಹಾಗಾಗಿ ಕೊಂಚ ಕಡಿಮೆ. ಈ ಇಳಿಕೆಯಲ್ಲಿ ನ್ಯೂಕ್ಲಿಯೊಸೈಡಿನ ಸಕ್ಕರೆಗೂ ಸಣ್ಣ ಪಾಲಿದೆ, ಎಲ್ಲವನ್ನೂ ನೀರಿನ ಲೆಕ್ಕಕ್ಕೆ ಬರೆಯಬೇಡಿ.

ನೀರಿನ ಅಣುಗಳು ನಿಧಾನವಾಗಿ ತಿರುಗಿ ಧನ ಆವೇಶವನ್ನು ಸುತ್ತುವರಿಯುವುದು ಆಮೇಲಿನ ಮಾತು. ಅಲ್ಲಿಗೆ ನೀರಿನ ಕೆಲಸ ಮುಗಿಯುವುದೂ ಇಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಗ್ವಾನೀನ್‌ನ ಎಂಟನೆಯ ಕಾರ್ಬನ್ ಮೇಲೆ ಇದೇ ನೀರು ಎರಗಿದರೆ, ಇನ್ನೊಂದು ಎಲೆಕ್ಟ್ರಾನೂ ಕಳೆದುಹೋದ ಮೇಲೆ 8-ಆಕ್ಸೊಗ್ವಾನೀನ್ ಉಳಿಯುತ್ತದೆ. ಡಿಎನ್‌ಎ ನಕಲಾಗುವಾಗ ಅದು ಸೈಟೊಸೀನನ್ನು ಬಿಟ್ಟು ಅಡೆನೀನ್ ಜೊತೆ ಜೋಡಿಯಾಗಿಬಿಡಬಹುದು.