ಪೋಖರಾದಲ್ಲಿ ಮೊದಲ ದಿನ: ಬೆಟ್ಟದ ಹಿಂದೆ ಓಡಬೇಡಿ

ಚಿಂತಾಮಣಿಯ ಟೀಚರ್ ಮೇಡಂ ಕೇಳಿದ್ದಕ್ಕೆ ಉತ್ತರ. ನವೆಂಬರ್‌ನಲ್ಲಿ ಒಬ್ಬರೇ ನೇಪಾಳಕ್ಕೆ ಹೊರಟಿದ್ದೀರಿ. ಕಠ್ಮಂಡುವಿನಿಂದ ಬಸ್ಸಿನಲ್ಲಿ ಮಧ್ಯಾಹ್ನ ಪೋಖರಾ ತಲುಪಿ, ಅವತ್ತೇ ಹಿಮದ ಬೆಟ್ಟ ಕಾಣುವ ಸಾರಂಗಕೋಟ್ ಗುಡ್ಡ, ಶಾಂತಿ ಸ್ತೂಪ, ಡೇವಿಸ್ ಫಾಲ್ಸ್ ಮೂರೂ ನೋಡಬಹುದಾ ಅಂತ ಕೇಳಿದ್ದೀರಿ. ನಾನು ನಿಮಗಿಂತ ದೊಡ್ಡವಳು, ನೇರವಾಗಿ ಹೇಳುತ್ತೇನೆ. ಬೇಡ. ಮೊದಲ ದಿನ ಅಲ್ಲಿನ ಫೇವಾ ಕೆರೆ ದಂಡೆ ಬಿಟ್ಟು ಎಲ್ಲೂ ಹೋಗಬೇಡಿ.

ಮೊದಲನೆಯದು, ಮಧ್ಯಾಹ್ನ ತಲುಪುತ್ತೀರಿ ಅನ್ನುವುದೇ ಅನುಮಾನ. ದೂರ ಸುಮಾರು 200 ಕಿ.ಮೀ. ಅಷ್ಟೇ. ಆದರೆ ಅದು ನಮ್ಮ ಹೈದರಾಬಾದ್ ಹೈವೇ ಅಲ್ಲ, ನದಿ ಪಕ್ಕದ ಘಾಟಿ ರಸ್ತೆ. ಬೆಳಗ್ಗೆ ಬಿಟ್ಟ ಬಸ್ಸು ಸಂಜೆ ಸೇರಿಸಿದರೂ ಆಶ್ಚರ್ಯ ಇಲ್ಲ.

ಎರಡನೆಯದು ಮೋಡ. ನಾನು ಮೊದಲ ಸಲ ಒಬ್ಬಳೇ ಹೋದಾಗ ಬಸ್ಸಿಳಿದು, ರೂಮಿನಲ್ಲಿ ಬ್ಯಾಗ್ ಹಾಕಿ, ಟ್ಯಾಕ್ಸಿ ಹತ್ತಿ ಸಾರಂಗಕೋಟ್‌ಗೆ ಓಡಿದ್ದೆ. ಮೇಲೆ ಹೋದರೆ ಬರೀ ಬಿಳುಪು. ನಂದಿಗೆ ನಾವು ಮೋಡ ನೋಡಲಿಕ್ಕೇ ಹೋಗುತ್ತೇವೆ ಅಲ್ವಾ? ಅಲ್ಲಿ ಮೋಡ ಬಂತೋ, ಹಿಮದ ಬೆಟ್ಟ ಮುಚ್ಚಿಹೋಯಿತು. ಬೆಳಗ್ಗೆ ತಿಳಿಯಾಗಿರುವ ಆಕಾಶ ಹೊತ್ತೇರಿದಂತೆ ಮಬ್ಬಾಗುತ್ತದೆ. ದುಡ್ಡು ಹೋಯಿತು, ಅದಕ್ಕಿಂತ ಜಾಸ್ತಿ ಬೇಜಾರಾಯಿತು.

ಮರುದಿನ ಬೆಳಗ್ಗೆ ಲಾಡ್ಜಿನ ತಾರಸಿ ಮೇಲೆ ಹಲ್ಲುಜ್ಜುತ್ತಾ ನಿಂತಿದ್ದೆ. ಕಣ್ಣೆಲ್ಲ ಎದುರಿನ ಹಸಿರು ಗುಡ್ಡದ ಸಾಲಿನ ಮೇಲೆ. ಹಿಮದ ಬೆಟ್ಟ ಅದರ ಸಂದಿಯಲ್ಲಿ ಎಲ್ಲಾದರೂ ಇಣುಕಬಹುದು ಅಂತ ಹುಡುಕುತ್ತಿದ್ದೆ. ಬಟ್ಟೆ ಒಣಹಾಕಲು ಬಂದ ಲಾಡ್ಜಿನ ದಿದಿ (ಅಕ್ಕ) ನೋಡಿ, ನನ್ನ ಗಲ್ಲ ಹಿಡಿದು ಮೇಲಕ್ಕೆತ್ತಿದರು. ಅಷ್ಟು ಹೊತ್ತು ನಾನು ಮೋಡ ಅಂದುಕೊಂಡಿದ್ದ ಬಿಳಿ ತುಂಡೇ ಬೆಟ್ಟ! ಬೆಟ್ಟ ಅಷ್ಟು ಎತ್ತರದಲ್ಲಿ ಇರುತ್ತದೆ ಅಂತ ನಮ್ಮ ಕಣ್ಣಿಗೆ ಗೊತ್ತೇ ಇಲ್ಲ. ಸುಮ್ನೆ ನೋಡುತ್ತಾ ನಿಂತುಬಿಟ್ಟೆ, ಬಾಯಲ್ಲಿ ಪೇಸ್ಟ್ ಹಾಗೇ ಇತ್ತು.

ಲೆಕ್ಕ ನೋಡಿ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 915 ಮೀಟರ್. ಪೋಖರಾ ಸುಮಾರು 820. ಅಂದರೆ ನಮಗಿಂತ ತಗ್ಗು. ಸಾರಂಗಕೋಟ್ 1,600 ಮೀಟರ್ ಆಸುಪಾಸು, ನಮ್ಮ ನಂದಿ 1,478. ಹಾಗಾಗಿ ಉಸಿರು ಕಟ್ಟುತ್ತದೆ, ತಲೆ ಸುತ್ತುತ್ತದೆ ಅನ್ನುವ ಭಯ ಬಿಡಿ. ಅಷ್ಟು ತಗ್ಗಿನಲ್ಲಿ ನಿಂತು 6,993 ಮೀಟರಿನ ಮಾಛಾಪುಚ್ಛ್ರೆ ಬೆಟ್ಟವನ್ನು ನೋಡುತ್ತೀರಿ. ಹೆಸರಿನ ಅರ್ಥ ಮೀನಿನ ಬಾಲ. ಆದರೆ ಪೋಖರಾದಿಂದ ಒಂದೇ ಚೂಪು ತುದಿ ಕಾಣುತ್ತದೆ, ಬಾಲದಂತೆ ಸೀಳಿದ ಎರಡು ತುದಿ ಬೇರೆ ಮಗ್ಗುಲಿಂದ ಮಾತ್ರ. 1957ರಲ್ಲಿ ಹತ್ತಲು ಹೋದ ಬ್ರಿಟಿಷರ ತಂಡ, ಅಲ್ಲಿನವರಿಗೆ ಅದು ಪವಿತ್ರ ಅಂತ, ತುದಿ ಇನ್ನೇನು ಸ್ವಲ್ಪ ಇದೆ ಅನ್ನುವಾಗ ವಾಪಸ್ ಬಂತು. ಆಮೇಲೆ ಹತ್ತಲು ಅನುಮತಿಯೇ ಕೊಡುತ್ತಿಲ್ಲ. ನನಗೆ ಆ ಬೆಟ್ಟದ ಮೇಲೆ ಪ್ರೀತಿ ಜಾಸ್ತಿಯಾಗಿದ್ದು ಇದನ್ನು ಕೇಳಿದ ಮೇಲೆ.

ಇನ್ನು ಮೊದಲ ದಿನದ ಕೆಲಸ. ಕೆರೆ ಪಕ್ಕದ ಲೇಕ್‌ಸೈಡ್‌ನಲ್ಲೇ ರೂಮ್ ಮಾಡಿ. ತಾರಸಿಗೆ ಹೋಗಲು ಬಿಡುತ್ತಾರಾ, ಹಿಮದ ಬೆಟ್ಟ ಇರುವ ಉತ್ತರ ದಿಕ್ಕು ತೆರೆದಿದೆಯಾ ಅಂತ ಕೇಳಿ ಆಮೇಲೆ ದುಡ್ಡು ಕೊಡಿ. ಗಡಿಯಾರ 15 ನಿಮಿಷ ಮುಂದಕ್ಕೆ ತಿರುಗಿಸಿ. ನಮ್ಮ 100 ರೂಪಾಯಿಗೆ ಅಲ್ಲಿನ 160. ಅಂಗಡಿಯಲ್ಲಿ ರೇಟ್ ಹೇಳಿದಾಗ "ಐಸಿನಾ, ಎನ್‌ಸಿನಾ" ಅಂತ ಕೇಳಿಬಿಡಿ. ಐಸಿ ಅಂದರೆ ನಮ್ಮ ದುಡ್ಡು, ಎನ್‌ಸಿ ಅಂದರೆ ಅವರದು. ನಾನು ಕೇಳದೆ ಒಂದು ಶಾಲಿಗೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಕೊಟ್ಟಿದ್ದೇನೆ. ನೇಪಾಳದ ಫೋನ್‌ಪೇ (Fonepay, ನಮ್ಮ PhonePe ಅಲ್ಲ) ಕ್ಯೂಆರ್ ಇರುವ ಕಡೆ ನಮ್ಮ ಯುಪಿಐ ನಡೆಯುತ್ತದೆ, ಆದರೂ ಚಿಲ್ಲರೆ ಇರಲಿ. ವೀಸಾ ಬೇಡ. ಆಧಾರ್ ನಂಬಿ ಹೋಗಬೇಡಿ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ. ಹಿಂದಿ ಹೆಚ್ಚಿನವರಿಗೆ ಅರ್ಥವಾಗುತ್ತದೆ. ದೊಡ್ಡವರನ್ನು ದಿದಿ, ದಾಯಿ (ಅಣ್ಣ) ಅಂತ ಕರೆಯಿರಿ.

ಸಂಜೆ ಫೇವಾ ಕೆರೆ ದಂಡೆಯಲ್ಲಿ ನಡೆಯಿರಿ. ಬೆಳಕಿದ್ದರೆ ಬಾರಾಹಿ ಘಾಟಿನಿಂದ ದೋಣಿಯಲ್ಲಿ ನಡುಗಡ್ಡೆಯ ತಾಲ್ ಬಾರಾಹಿ ದೇವಸ್ಥಾನಕ್ಕೆ ಹೋಗಿಬನ್ನಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ನೀರಿನಲ್ಲಿ ಬೆಟ್ಟದ ನೆರಳು ಬೇಕು ಅಂದರೆ ಗಾಳಿ ಏಳುವ ಮುಂಚೆ, ಬೆಳಗ್ಗೆ ಹೋಗಬೇಕು. ಒಬ್ಬರೇ ಇರುವುದರಿಂದ ಒಂದು ಮಾತು: ಶಾಂತಿ ಸ್ತೂಪಕ್ಕೆ ಕಾಡಿನೊಳಗಿಂದ ಹತ್ತುವ ದಾರಿಯಿದೆ, ಕತ್ತಲಾಗುವ ಹೊತ್ತಿಗೆ ಅಲ್ಲಿಗೆ ಹೋಗಲೇಬೇಡಿ.

ಊಟದ ಬಗ್ಗೆ ಚಿಂತೆ ಅಂದಿರಿ. ದಾಲ್ ಭಾತ್ ಎಲ್ಲ ಕಡೆ ಸಿಗುತ್ತದೆ, ಅನ್ನ ಬೇಳೆ ಪಲ್ಯ ಮತ್ತೆ ಮತ್ತೆ ಬಡಿಸುತ್ತಾರೆ. ಆದರೆ ನಮ್ಮ ಕಡೆಯವರು ಕೇಳಬೇಕಾದ್ದು ಢಿಂಡೋ. "ಕೋದೋ ಢಿಂಡೋ" ಅಂತಲೇ ಹೇಳಿ, ಯಾಕೆಂದರೆ ಮೆಕ್ಕೆಜೋಳದ ಹಿಟ್ಟಿನದೂ ಇರುತ್ತದೆ. ನೇಪಾಳಿಯಲ್ಲಿ ಕೋದೋ ಅಂದರೆ ರಾಗಿ! ಮುದ್ದೆಯಷ್ಟು ಗಟ್ಟಿ ಕಟ್ಟುವುದಿಲ್ಲ, ತಟ್ಟೆಯಲ್ಲಿ ಮೆತ್ತಗೆ ಕೂತಿರುತ್ತದೆ. ಜೊತೆಗೆ ಗುಂದ್ರುಕ್, ಅಂದರೆ ಸೊಪ್ಪನ್ನು ಹುಳಿ ಬರಿಸಿ ಒಣಗಿಸಿ ಮಾಡಿದ ಸಾರು. ಬೆರಳಲ್ಲಿ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದೆ. ಪಕ್ಕದ ಟೇಬಲಿನ ಅಜ್ಜಿ ನನ್ನನ್ನೇ ನೋಡಿ ನಕ್ಕರು, ಅವರೂ ಹಾಗೇ ನುಂಗುತ್ತಿದ್ದರು. ಪರದೇಶದಲ್ಲಿ ಒಬ್ಬಳೇ ಇದ್ದೇನೆ ಅನ್ನುವ ಪುಕ್ಕಲು ಅಲ್ಲಿಗೆ ಹೋಯಿತು.

ಒಂಬತ್ತಕ್ಕೆ ಮಲಗಿ. ಬೆಳಗಿನ ಸಾರಂಗಕೋಟ್ ಟ್ಯಾಕ್ಸಿ ಹಿಂದಿನ ರಾತ್ರಿಯೇ ಲಾಡ್ಜಿನವರ ಮೂಲಕ ಗೊತ್ತು ಮಾಡಿ. ನಂದಿಗೆ ಹಾಕುವ ಸ್ವೆಟರ್, ಟೋಪಿ ಸಾಕು. ಮೇಲೆ ನಿಂತಾಗ ಎಲ್ಲರೂ ಪೂರ್ವಕ್ಕೆ ತಿರುಗಿ ಸೂರ್ಯನ ಫೋಟೋ ತೆಗೆಯುತ್ತಾರೆ. ನೀವು ಉತ್ತರಕ್ಕೆ ತಿರುಗಿ. ಬೆಳಕು ಮೊದಲು ತುದಿಗೆ ಬಿದ್ದು, ಕೆಂಪಗಾಗಿ, ನಿಧಾನಕ್ಕೆ ಕೆಳಗಿಳಿಯುತ್ತದೆ.

ನನ್ನ ಹತ್ತಿರ ಹತ್ತು, ಇಪ್ಪತ್ತರ ನೇಪಾಳಿ ನೋಟು ಸ್ವಲ್ಪ ಉಳಿದಿವೆ. ಬರುವ ಭಾನುವಾರ ಆವಲಬೆಟ್ಟದ ನಡಿಗೆಗೆ ಬಂದರೆ ತಂದುಕೊಡುತ್ತೇನೆ. ಬಸ್ಸಿಳಿದ ತಕ್ಷಣ ಚಹಾಕ್ಕಾಗುತ್ತದೆ.