ಸಂಪಾದಕರ ಉತ್ತರ: ಬಿಸಿಲಿಗೆ ಸತ್ತ ಮೀನು ಅಂತೀರಾ?

ಪತ್ರ: ನಮ್ಮೂರ ಕೆರೆಯಲ್ಲಿ ಪ್ರತಿ ಏಪ್ರಿಲ್‌ನಲ್ಲೂ ಮೀನು ಸಾಯುತ್ತವೆ. ಡಿಸೆಂಬರ್‌ನಲ್ಲೂ ಏಪ್ರಿಲ್‌ನಲ್ಲೂ ನೀರು ಪರೀಕ್ಷೆ ಮಾಡಿಸಿದೆವು. ತಾಮ್ರ, ಕ್ಯಾಡ್ಮಿಯಂ ಎರಡೂ ಸಲ ಅಷ್ಟೇ ಇದ್ದವು. ಅಂದರೆ ಇದು ಬಿಸಿಲಿನ ಕೆಲಸ. ಸುಮ್ನೆ ಕಾರ್ಖಾನೆಗಳನ್ನು ಯಾಕೆ ಬೈಯಬೇಕು?
– ಒಬ್ಬ ಓದುಗರು

ಎರಡು ಕಾಲದಲ್ಲೂ ಪರೀಕ್ಷೆ ಮಾಡಿಸಿದಿರಲ್ಲ, ಅಷ್ಟು ತಾಳ್ಮೆ ಈಗ ಯಾರಿಗಿದೆ ಹೇಳಿ? ಆದರೆ ಕೊನೆಗೆ ಅವಸರ ಮಾಡಿಬಿಟ್ಟಿರಿ.

ಬಿಸಿಲೂ ಮೀನು ಕೊಲ್ಲುತ್ತದೆ, ಒಪ್ಪಿದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದಾಗಲೂ ಆಮ್ಲಜನಕದ ಮಾತೇ ಬಂತು. ಇರಬಹುದು.

ಈಗ ಮೀನಿನ ಕಡೆಯಿಂದ ನೋಡಿ. ನೀರು ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ ಬಿಸಿ. 10 ಡಿಗ್ರಿ ಏರಿದರೆ ಒಡಲಿನ ಕೆಲಸ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಉಸಿರು ಜಾಸ್ತಿ ಬೇಕು, ನೀರಲ್ಲಿ ಅದು ಕಡಿಮೆ, ಹಾಗಾಗಿ ಪಾಪದ ಮೀನು ಕಿವಿರಿನ ಮೇಲೆ ಒಂದೇ ಸಮ ನೀರು ಹಾಯಿಸುತ್ತಲೇ ಇರುತ್ತದೆ, ಆ ನೀರಿನ ಜೊತೆ ಲೋಹವೂ ಬರುತ್ತದೆ. ತಾಮ್ರ ಮೈಗೆ ಸೋಡಿಯಂ ಸೇರದಂತೆ ತಡೆಯುತ್ತದೆ. ಕ್ಯಾಡ್ಮಿಯಂ, ಕ್ಯಾಲ್ಸಿಯಂ ಬರುವ ದಾರಿಯಲ್ಲೇ ಒಳಗೆ ನುಗ್ಗುತ್ತದೆ. ನಿಮ್ಮ ವರದಿಯ ಅಂಕಿ ಅಷ್ಟೇ ಇದ್ದರೂ ಮೀನಿನೊಳಗೆ ಹೋದದ್ದು ಅಷ್ಟೇ ಅಲ್ಲ.

ಹೋದ ಬೇಸಿಗೆಯಲ್ಲಿ ಬೆಳಗಿನ ಆರಕ್ಕೆ ಒಂದು ಕೆರೆ ಏರಿ ಮೇಲೆ ನಿಂತಿದ್ದೆ. ಎಂಥ ಕೊಳಕಲ್ಲೂ ಬದುಕುವ ಜಿಲೇಬಿ ಮೀನು, ಅಂಗೈಯಗಲದ್ದು, ದಡದಲ್ಲಿ ಬಾಯಿ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಬಲೆಯವರೊಬ್ಬರು ಅದನ್ನೆತ್ತಿ ಕಿವಿರಿನ ಮುಚ್ಚಳ ಬಿಡಿಸಿ ತೋರಿಸಿದರು. ರಕ್ತಗೆಂಪು ಇರಬೇಕಾದ ಎಸಳುಗಳು ಬೂದಿ ಬಣ್ಣಕ್ಕೆ ತಿರುಗಿದ್ದವು, ಮೇಲೆಲ್ಲ ಲೋಳೆ. "ಚಳಿಗಾಲದಲ್ಲಿ ಹೀಗಿರಲ್ಲ ಸಾರ್" ಅಂದರು. ನನಗೆ ಮಾತು ಹೊರಡಲಿಲ್ಲ.

ನಮ್ಮ ನಿಯಮ ನೋಡಿದರೆ ಹೊಟ್ಟೆ ಉರಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.003 ಮಿಲಿಗ್ರಾಂ ಕ್ಯಾಡ್ಮಿಯಂ ದಾಟಬಾರದು ಅನ್ನುವ ದೇಶದಲ್ಲಿ, ಕೆರೆ ಹೊಳೆಗೆ ಬಿಡುವ ಕಾರ್ಖಾನೆ ನೀರಿಗೆ ಸಾಮಾನ್ಯ ಮಿತಿ 2 ಮಿಲಿಗ್ರಾಂ! ತಾಮ್ರಕ್ಕೆ 3. ಜನವರಿಗೂ ಅದೇ, ಏಪ್ರಿಲ್‌ಗೂ ಅದೇ. ಬಿಟ್ಟ ನೀರು ಕೆರೆಯ ನೀರಿಗಿಂತ 5 ಡಿಗ್ರಿಗಿಂತ ಜಾಸ್ತಿ ಬಿಸಿ ಇರಬಾರದು ಅಂತ ಬೇರೊಂದು ಸಾಲಿದೆ. ಈ ಎರಡು ಸಾಲನ್ನು ಒಟ್ಟಿಗೆ ಓದಿದವರು ಯಾರಾದರೂ ಇದ್ದಾರಾ? ಇದರ ಮೇಲೆ ಹೂಳು ತೆಗೆಯದೆ ಕೆರೆಯನ್ನು ಮೊಣಕಾಲುದ್ದ ಮಾಡಿದೆವು, ಏರಿಯ ಮರ ಕಡಿದು ವಾಕಿಂಗ್‌ಗೆ ಕಲ್ಲು ಹಾಸಿದೆವು. ನೀರು ಕಾಯದೆ ಇನ್ನೇನಾಗುತ್ತದೆ?

ಮುಂದಿನ ಸಲ ಸ್ಯಾಂಪಲ್ ತೆಗೆಯುವಾಗ ಒಂದು ಥರ್ಮಾಮೀಟರ್ ಒಯ್ಯಿರಿ. ಬೆಳಗಿನ ಆರಕ್ಕೆ, ಮಧ್ಯಾಹ್ನ ಮೂರಕ್ಕೆ ಮುಳುಗಿಸಿ ಬರೆದುಕೊಳ್ಳಿ. ನೀರಿನ ಗಡಸುತನವನ್ನೂ, ಅಂದರೆ ಕ್ಯಾಲ್ಸಿಯಂನಂಥ ಲವಣ ಎಷ್ಟಿದೆ ಅನ್ನುವುದನ್ನೂ ಅಳೆಸಿ, ಅದು ಕಡಿಮೆ ಇರುವ ಮೆದು ನೀರಿನಲ್ಲಿ ಲೋಹದ ಕಾಟ ಇನ್ನೂ ಜಾಸ್ತಿ. ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇನೆ.