ಮಲೆನಾಡಿನ ಪಿಯು ಮಕ್ಕಳಿಗೆ ಸಹಾಯ ಮಾಡಬೇಕಾ? ಕೋಚಿಂಗಿಗಿಂತ ಮೊದಲು ದಾಖಲೆ ನೋಡಿ

ನಿಮ್ಮ ಪ್ರಶ್ನೆ ಹೀಗಿದೆ: ಊರು ಸಾಗರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ವಾರಾಂತ್ಯ ಊರಿಗೆ ಬಂದಾಗ ದ್ವಿತೀಯ ಪಿಯು ಮಕ್ಕಳಿಗೆ ಕಾಲೇಜು ಸೀಟು, ಸ್ಕಾಲರ್‌ಶಿಪ್ ವಿಷಯದಲ್ಲಿ ಸಹಾಯ ಮಾಡಬೇಕು ಅಂತಿದ್ದೀರಿ. ಸಿಇಟಿ ಪಾಠ ಮಾಡಿದರೆ ಸಾಕಾ, ಬೇರೆ ಏನಾದರೂ ಮಾಡಬೇಕಾ?

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಉಪನ್ಯಾಸಕ. ಪ್ರತಿ ವರ್ಷ ಈ ಕೆಲಸದಲ್ಲಿ ಇರುವವನಾಗಿ ಹೇಳುತ್ತೇನೆ. ನಮ್ಮ ಮಕ್ಕಳು ಸೀಟು, ದುಡ್ಡು ಕಳೆದುಕೊಳ್ಳುವುದು ಬುದ್ಧಿ ಕಡಿಮೆಯಾಗಿ ಅಲ್ಲ. ಒಂದು ಸರ್ಟಿಫಿಕೇಟ್ ಇಲ್ಲದೆ, ಒಂದು ಹೆಸರು ಹೊಂದದೆ, ಒಂದು ಕಾಲಂ ತುಂಬದೆ ಕಳೆದುಕೊಳ್ಳುತ್ತಾರೆ. ನಿಮ್ಮ ಹತ್ತಿರ ಇರುವುದು ಶನಿವಾರ, ಭಾನುವಾರ ಮಾತ್ರ. ಅದನ್ನು ಮೊದಲು ದಾಖಲೆಗೆ ಕೊಡಿ.

ನವೆಂಬರ್‌ನಲ್ಲೇ ಶುರು ಮಾಡಿ. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ, ಫೆಬ್ರುವರಿ ಹೊತ್ತಿಗೆ ಬರುತ್ತದೆ. ಆಗ ನಾಡಕಚೇರಿಯಲ್ಲಿ ರಶ್ಶು, ಸರ್ವರ್ ಸ್ಲೋ, ಜೊತೆಗೆ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ. ಮೊದಲು ನಿಮ್ಮೂರ ಕಡೆಯ ಪಿಯು ಕಾಲೇಜಿನ ಪ್ರಿನ್ಸಿಪಾಲರನ್ನು ಕಂಡು ಒಂದು ಕೊಠಡಿ ಕೇಳಿ. ಮಗು ಒಂದೇ ಬಂದರೆ ಆಗುವುದಿಲ್ಲ, ಅಪ್ಪ ಅಥವಾ ಅಮ್ಮ ಜೊತೆಗೆ ಬರಬೇಕು. ಅಡಿಕೆ ಕೊಯ್ಲಿನ ಸಮಯ, ಬರುವುದು ಕಷ್ಟ ಅಂತಾರೆ. ಸಂತೆ ದಿನ ನೋಡಿ ಕರೆಯಿರಿ, ಹೇಗೂ ಪೇಟೆಗೆ ಬಂದಿರುತ್ತಾರೆ.

ಕೂತ ಮೇಲೆ ಎಲ್ಲ ಕಾಗದವನ್ನೂ ಟೇಬಲ್ ಮೇಲೆ ಹರಡಿ ಹೆಸರು ಓದಿ. ಬರೀ ಹೆಸರು. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆ ಮಂಜುನಾಥ. ಅವರದೇ ಆಧಾರ್‌ನಲ್ಲಿ ಮಂಜಪ್ಪ ಟಿ. ಪಹಣಿಯಲ್ಲಿ ಮಂಜಪ್ಪ ಬಿನ್ ತಿಮ್ಮಪ್ಪ. ಇಂಥ ಮನೆ ನಮ್ಮ ಕಡೆ ಅಪರೂಪ ಅಲ್ಲ. ಮಗಳ ಇನಿಷಿಯಲ್ ಅಂಕಪಟ್ಟಿಯಲ್ಲಿ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಾತಿ ಪ್ರಮಾಣಪತ್ರದಲ್ಲಿ ಇಲ್ಲವೇ ಇಲ್ಲ. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಈ ಹೆಸರುಗಳನ್ನು ಕಂಪ್ಯೂಟರ್ ತಾಳೆ ನೋಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದುಪಡಿಗೆ ಸಮಯ ಹಿಡಿಯುತ್ತದೆ, ಅದಕ್ಕೇ ನವೆಂಬರ್ ಅಂದದ್ದು.

ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲಿನ ಆರ್‌ಡಿ ನಂಬರ್ ಮುಖ್ಯ. ಸಿಇಟಿ ಅರ್ಜಿಗೂ ಅದೇ, ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ಗೂ ಅದೇ. ಆದಾಯ ಪತ್ರಕ್ಕೆ 5 ವರ್ಷ ಅವಧಿ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಡಿಗ್ರಿ ಸೇರುವ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ತಾರೀಖು ನೋಡಿ.

ಗ್ರಾಮೀಣ ಕೋಟಾ ಮತ್ತು ಕನ್ನಡ ಮಾಧ್ಯಮ ಕೋಟಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಇದು ನಮ್ಮ ಮಕ್ಕಳ ಹಕ್ಕು. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಹತ್ತೂ ವರ್ಷ ಲೆಕ್ಕ. ಏಳನೇವರೆಗೆ ಹಳ್ಳಿ ಶಾಲೆಯಲ್ಲಿ ಓದಿ ಹೈಸ್ಕೂಲಿಗೆ ತೀರ್ಥಹಳ್ಳಿ ಅಥವಾ ಹೊಸನಗರ ಪೇಟೆಗೆ ಬಂದವರಿಗೆ ಗ್ರಾಮೀಣ ಕೋಟಾ ಸಿಗುವುದಿಲ್ಲ. ಪಟ್ಟಣ ಪಂಚಾಯಿತಿ ವ್ಯಾಪ್ತಿಯೂ ಗ್ರಾಮೀಣ ಅಲ್ಲ. ಆದರೆ ಆ ಮಗು ಹತ್ತೂ ವರ್ಷ ಕನ್ನಡದಲ್ಲೇ ಓದಿದ್ದರೆ ಕನ್ನಡ ಮಾಧ್ಯಮ ಕೋಟಾ ಇದ್ದೇ ಇದೆ. ಅದನ್ನು ಕೇಳದೆ ಬಿಡುವವರನ್ನು ನೋಡಿದರೆ ಸಂಕಟ ಆಗುತ್ತದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಮಕ್ಕಳಿಲ್ಲದೆ ಮುಚ್ಚಿದ ಕಿರಿಯ ಪ್ರಾಥಮಿಕ ಶಾಲೆ ನಮ್ಮಲ್ಲಿ ಎಷ್ಟಿಲ್ಲ! ಒಂದರಿಂದ ಐದು ಅಂಥ ಶಾಲೆಯಲ್ಲಿ ಓದಿದ್ದರೆ, ಅದರ ದಾಖಲಾತಿ ಪುಸ್ತಕ ಈಗ ಯಾವ ಶಾಲೆಯಲ್ಲಿದೆ ಅಂತ ಬಿಇಓ ಕಚೇರಿಯಲ್ಲಿ ವಿಚಾರಿಸಬೇಕು. ಕೂಲಿ ಬಿಟ್ಟು ಅಲೆಯಲಾಗದ ಅಪ್ಪನ ಪರವಾಗಿ ನೀವು ಹೋದರೆ ಅದೇ ದೊಡ್ಡ ಉಪಕಾರ.

ಇನ್ನು ಬ್ಯಾಂಕ್ ಖಾತೆ. ಪಾಸ್‌ಬುಕ್ ಇದೆ ಅಂದ್ರೆ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸರ್ಕಾರದ ದುಡ್ಡು ಬರುವುದು ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆಯೋ (ಜೋಡಣೆಯಾಗಿದೆಯೋ) ಆ ಖಾತೆಗೆ. ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಬಹುದು. ಮಗುವಿನ ಹೆಸರಲ್ಲಿ ಖಾತೆಯೇ ಇಲ್ಲದಿದ್ದರೆ ಪೋಸ್ಟ್‌ಮ್ಯಾನ್‌ಗೆ ಹೇಳಿ. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನು ಅವರೇ ಮನೆ ಬಾಗಿಲಲ್ಲಿ ತೆರೆದು ಆಧಾರ್ ಜೋಡಿಸಿ ಕೊಡುತ್ತಾರೆ. ಬಸ್ಸೇ ಬಾರದ ಊರುಗಳಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಇಡೀ ದಿನ ಹಾಳು ಮಾಡುತ್ತದೆ. ಹುಡುಗಿ ಪೇಟೆಯ ಸೈಬರ್‌ನಲ್ಲಿ ಕೂತಿರುತ್ತಾಳೆ. ಒಟಿಪಿ ಹೋಗುವುದು ಅಪ್ಪನ ಫೋನಿಗೆ. ಅಪ್ಪ ತೋಟದಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡ ಹತ್ತಿ ನೋಡುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಅದಕ್ಕೇ ಅರ್ಜಿ ಹಾಕುವ ದಿನ ಆಧಾರ್‌ಗೆ ಜೋಡಿಸಿದ ನಂಬರಿನ ಫೋನು ಮಗುವಿನ ಕೈಯಲ್ಲೇ ಇರಲಿ.

ಈಗ ಪಾಠದ ವಿಷಯ. ಬೇಡ ಅಂತ ಹೇಳುತ್ತಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೋರ್ಡ್ ಪರೀಕ್ಷೆ ಚೆನ್ನಾಗಿ ಬರೆಯುವುದೇ ಅರ್ಧ ಸಿಇಟಿ, ಇದನ್ನು ಮಕ್ಕಳಿಗೆ ಮನವರಿಕೆ ಮಾಡಿ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಗಡಿಯಾರ ಇಟ್ಟು ಬರೆಸಿ, ಒಂದೂ ಪ್ರಶ್ನೆ ಖಾಲಿ ಬಿಡದ ಅಭ್ಯಾಸ ಮಾಡಿಸಿ. ಅಷ್ಟು ಮಾಡಿದರೂ ಬಹಳ ಆಯಿತು.

ಅರ್ಜಿ ತುಂಬುವಾಗ ಎಂಜಿನಿಯರಿಂಗ್ ಒಂದನ್ನೇ ನೋಡಬೇಡಿ. ಅದೇ ಸಿಇಟಿಯಲ್ಲಿ ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ, ಪಶುವೈದ್ಯಕೀಯ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್ ಎಲ್ಲ ಇದೆ. ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ನಿಮ್ಮ ಸಾಗರ ತಾಲ್ಲೂಕಿನಲ್ಲೇ ಇದೆ, ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲೇ ಇದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ಉಪಕರಣ ನೋಡಿ ಹೇಳುವುದು ತೋಟದಲ್ಲಿ ಬೆಳೆದ ಮಕ್ಕಳಿಗೆ ಕಷ್ಟವೇ? ಆದರೆ ಅರ್ಜಿಯಲ್ಲಿ ಆ ಕೋಟಾ ಕೇಳಿರಬೇಕು. ಕೇಳದಿದ್ದರೆ ಇಲ್ಲ.

ಸ್ಕಾಲರ್‌ಶಿಪ್‌ಗಳಲ್ಲಿ ಯಾವುದು ಯಾರಿಗೆ ಅನ್ನುವುದನ್ನು ಮಗುವಿನ ಮುಂದೆ ಕೂತೇ ನೋಡಬೇಕು. ಎಲ್ಲರಿಗೂ ಒಂದೇ ಪಟ್ಟಿ ಫಾರ್ವರ್ಡ್ ಮಾಡಿದರೆ ಯಾರೂ ಓದುವುದಿಲ್ಲ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಯೋಜನೆಯಲ್ಲಿ ಬಿಎ, ಬಿಎಸ್ಸಿ, ಬಿಕಾಂ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿ ಮಾಡಿದ್ದರು. ಎಂಜಿನಿಯರಿಂಗ್, ಎಂಬಿಬಿಎಸ್‌ಗೆ 10,000 ಮತ್ತು 11,000. ಅದಕ್ಕೆ ತಂದೆ ಅಥವಾ ತಾಯಿಯ ಹೆಸರಲ್ಲಿ ರೈತರ ಸರ್ಕಾರಿ ನೋಂದಣಿ ಸಂಖ್ಯೆ, ಅಂದ್ರೆ ಫ್ರೂಟ್ಸ್ ಎಫ್‌ಐಡಿ ಇರಬೇಕು. ಇಲ್ಲೇ ನಮ್ಮ ಮಲೆನಾಡಿನ ತೊಡಕು. ಜಮೀನು ಇನ್ನೂ ಅಜ್ಜನ ಹೆಸರಲ್ಲಿ. ಇಲ್ಲವೇ ಬಗರ್‌ಹುಕುಂ, ಅಂದ್ರೆ ದಾಖಲೆಯಿಲ್ಲದೆ ಸಾಗುವಳಿ ಮಾಡುವ ಸರ್ಕಾರಿ ಜಮೀನು. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಎದ್ದು ಬಂದ ಮನೆಗಳಲ್ಲಿ ಇವತ್ತಿಗೂ ಹಕ್ಕುಪತ್ರ ಸಿಗದವರಿದ್ದಾರೆ. ದುಡಿಯುವುದು ಗದ್ದೆಯಲ್ಲೇ, ಕಾಗದದಲ್ಲಿ ರೈತರಲ್ಲ. ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗುವಂತಿದ್ದರೆ ಮಾಡಿಸಲು ಹೇಳಿ. ಆಗದಿದ್ದರೆ ಆ ಮಗುವಿಗೆ ಬೇರೆ ದಾರಿ ಹುಡುಕಿ, ಕಾಯುತ್ತಾ ಕೂರಿಸಬೇಡಿ.

ಬೇರೆ ದಾರಿಗಳಿವೆ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ, ವಸತಿ ಖರ್ಚಿಗೆ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ಪಿಯುನಲ್ಲಿ ಚೆನ್ನಾಗಿ ಅಂಕ ಪಡೆದು ಮನೆ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ವರ್ಷಕ್ಕೆ 12,000ದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬಹುದು. ಎಂಜಿನಿಯರಿಂಗ್, ಡಿಪ್ಲೊಮಾ ಸೇರುವ ಹುಡುಗಿಯರಿಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್, ವರ್ಷಕ್ಕೆ 50,000. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲೇ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತಿದೆ. ಇದು ನನಗೆ ತುಂಬಾ ಇಷ್ಟದ್ದು, ಯಾಕಂದ್ರೆ ಬಿಎ, ಬಿಕಾಂ ಸೇರುವವರಿಗೂ ಸಿಗುತ್ತದೆ. ಸಿಇಟಿ ಗಲಾಟೆಯಲ್ಲಿ ಕಲಾ ವಿಭಾಗದ ಮಕ್ಕಳನ್ನು ಕೇಳುವವರೇ ಇಲ್ಲ. ದಯವಿಟ್ಟು ಅವರನ್ನೂ ಕರೆಯಿರಿ. ಸಹ್ಯಾದ್ರಿ ಕಾಲೇಜಿಗೆ ಸೇರಿ ಓದುತ್ತೇನೆ ಅನ್ನುವ ಹುಡುಗಿಗೆ ಶಿವಮೊಗ್ಗದಲ್ಲಿ ಹಾಸ್ಟೆಲ್ ಸಿಗುತ್ತದೋ ಇಲ್ಲವೋ ಅನ್ನುವುದರ ಮೇಲೇ ಓದು ನಿಂತಿರುತ್ತದೆ.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ, ಅಂದ್ರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ತುಂಬುವುದು. ಆ ವಾರ ನೀವು ರಜೆ ಹಾಕಿ ಊರಲ್ಲಿದ್ದರೆ ಎಲ್ಲಕ್ಕಿಂತ ಹೆಚ್ಚು ಉಪಯೋಗ. ಸರಿಯಾಗಿ ಮಳೆಗಾಲದಲ್ಲಿ ಬರುತ್ತದೆ ಅದು. ಕರೆಂಟ್ ಹೋದರೆ ಟವರ್ ಹೋಗುತ್ತದೆ, ಟವರ್ ಹೋದರೆ ಎಲ್ಲ ನಿಂತಿತು. ಕಳೆದ ಮಳೆಗಾಲ ಒಬ್ಬ ಹುಡುಗಿ ಆಗುಂಬೆ ಕಡೆಯಿಂದ ಬಂದಿದ್ದಳು. ಪ್ಲಾಸ್ಟಿಕ್ ಕವರಿನೊಳಗೆ ನೋಟ್‌ಬುಕ್ ಹಾಳೆ, ಅದರಲ್ಲಿ ಆರು ಕಾಲೇಜಿನ ಹೆಸರು. ಆರೂ 'ಸಿಗಬಹುದು' ಅಂತ ಯಾರೋ ಹೇಳಿದ್ದವು. ನಿನಗೆ ನಿಜವಾಗಿ ಬೇಕಾದದ್ದು ಯಾವುದು ಅಂತ ಕೇಳಿದೆ. ಪಶುವೈದ್ಯಕೀಯ ಅಂದಳು, ಮನೆಯಲ್ಲಿ ದನ ಇವೆ. ಅದು ಹಾಳೆಯಲ್ಲೇ ಇರಲಿಲ್ಲ. ಮೇಲೆ ಹಾಕಿದರೆ ಸಿಗದೆ ಕೆಳಗಿನದ್ದೂ ಹೋಗುತ್ತದೆ ಅಂತ ಹೆದರಿದ್ದಳು.

ಹಾಗಾಗುವುದಿಲ್ಲ. ರ‍್ಯಾಂಕ್ ಪ್ರಕಾರ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತಾರೆ, ಸಿಗುವ ಮೊದಲನೆಯದನ್ನು ಕೊಡುತ್ತಾರೆ. ಆಸೆ ಇರುವುದು ಮೇಲೆ, ಸಿಗುವಂಥದ್ದು ಕೆಳಗೆ, ಉದ್ದವಾಗಿ ಬರೆಯಿರಿ. ಸೇರಲು ಮನಸ್ಸಿಲ್ಲದ್ದನ್ನು ಹಾಕಲೇಬೇಡಿ. ನಿಜವಾದ ಹಂಚಿಕೆಗೆ ಮೊದಲು ಬರುವ ಅಣಕು ಹಂಚಿಕೆ ನೋಡಿ ಕ್ರಮ ಬದಲಿಸಬಹುದು. ಸೀಟು ಹಂಚಿದ ಮೇಲೆ ಚಾಯ್ಸ್ ಬರುತ್ತದೆ. ಒಂದು ಅಂದ್ರೆ ಇದೇ ಸಾಕು, ಸೇರುತ್ತೇನೆ. ಎರಡು ಅಂದ್ರೆ ಇದು ಇರಲಿ, ಮೇಲಿನದು ಸಿಕ್ಕರೆ ಅದು ಬೇಕು. ಮೂರು ಅಂದ್ರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು ಅಂದ್ರೆ ಪೂರ್ತಿ ಹೊರಗೆ. ಎರಡು ಒತ್ತಿ ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗೇ ರದ್ದಾಗುತ್ತದೆ, ಇದನ್ನು ಅಪ್ಪ ಅಮ್ಮನಿಗೂ ಬಿಡಿಸಿ ಹೇಳಿ.

ಇದೇ ದಿನಗಳಲ್ಲಿ ಏಜೆಂಟರು ಊರೂರು ತಿರುಗುತ್ತಾರೆ. ನರ್ಸಿಂಗ್ ಸೀಟು ಕೊಡಿಸ್ತೀವಿ, ಸ್ಕಾಲರ್‌ಶಿಪ್ಪೂ ನಾವೇ ನೋಡ್ಕೋತೀವಿ ಅಂತ ಹೇಳಿ ಮೂಲ ಅಂಕಪಟ್ಟಿ ಕೇಳುತ್ತಾರೆ. ಕೊಡಬೇಡಿ ಅಂತ ಪ್ರತಿ ಮನೆಗೂ ಹೇಳಿ. ಅಂಕಪಟ್ಟಿ ಒಮ್ಮೆ ಅವರ ಕೈಗೆ ಹೋದರೆ, ಬೇರೆ ಕಡೆ ಒಳ್ಳೆಯ ಸೀಟು ಬಂದರೂ ಬಿಡಿಸಿಕೊಂಡು ಬರುವುದು ಕಷ್ಟ.

ಸೇರಿದ ಮೇಲೂ ಮಕ್ಕಳ ಸಂಪರ್ಕ ಬಿಡಬೇಡಿ. ಎಸ್‌ಎಸ್‌ಪಿ ಅರ್ಜಿ ಪ್ರತಿ ವರ್ಷ ಹಾಕಬೇಕು, ಎನ್‌ಎಸ್‌ಪಿಯಲ್ಲಿ ನವೀಕರಣ ಮಾಡಿಸಬೇಕು. ಮೊದಲ ವರ್ಷ ಮನೆಯವರೆಲ್ಲ ಸೇರಿ ಹಾಕಿಸುತ್ತಾರೆ, ಎರಡನೇ ವರ್ಷ ಹಾಸ್ಟೆಲ್ಲಿನಲ್ಲಿ ಒಬ್ಬರೇ ಇರುವಾಗ ಮರೆತುಹೋಗುತ್ತದೆ. ದುಡ್ಡೂ ತಡವಾಗಿ ಬರುತ್ತದೆ, ಹಾಗಾಗಿ ಮೊದಲ ಸೆಮಿಸ್ಟರಿನ ಫೀಸು, ಬಸ್ ಪಾಸು, ಮೆಸ್ ಖರ್ಚಿಗೆ ಸ್ಕಾಲರ್‌ಶಿಪ್ ನಂಬಿ ಕೂರಬಾರದು. ಊರಿನ ನಾಲ್ಕು ಜನ ಸೇರಿ ಆ ಮೊದಲ ಕೆಲವು ತಿಂಗಳಿಗೆ ಕೈಗಡ ಕೊಡುವ ವ್ಯವಸ್ಥೆ ಮಾಡಿದರೆ, ಅರ್ಧಕ್ಕೆ ಬಿಟ್ಟು ಬರುವ ಮಕ್ಕಳು ಕಡಿಮೆಯಾಗುತ್ತಾರೆ. ಬೆಂಗಳೂರಿನಲ್ಲಿ ನಿಮ್ಮೂರಿನವರು ಇನ್ನೂ ಇದ್ದಾರಲ್ಲ, ಅವರನ್ನು ಮೊದಲು ಇದಕ್ಕೇ ಕೇಳಿ.